ಸಿಪ್ಪೆ ಇದೆ, ಹೊಟ್ಟು ಇದೆ, ದುಡ್ಡು ಕೊಡೋರು ಯಾರು? ದಾವಣಗೆರೆ ವಿದ್ಯಾರ್ಥಿಗಳ ಮುಂದಿರುವ ಪರಿಸರ ಉದ್ಯಮ

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಚನ್ನಗಿರಿ ಕಡೆ ಅಡಿಕೆ ಕೊಯ್ಲು ಜೋರಾಗುತ್ತದೆ. ತೋಟದ ಫಸಲು ಗುತ್ತಿಗೆ ಹಿಡಿಯುವ ಖೇಣಿದಾರರ ಅಂಗಳದಲ್ಲಿ ಸುಲಿಯುವ ಯಂತ್ರಗಳು ಹಗಲು ರಾತ್ರಿ ಓಡುತ್ತವೆ. ಸುಲಿದ ಅಡಿಕೆ ಬೇಯುತ್ತದೆ, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ರಸ) ಕುಡಿದು ಕೆಂಪಾಗುತ್ತದೆ, ಒಣಗಿ ರಾಶಿ ಅಡಿಕೆಯಾಗಿ ಮಂಡಿಗೆ ಹೊರಡುತ್ತದೆ. ಸಿಪ್ಪೆ ಮಾತ್ರ ಟ್ರ್ಯಾಕ್ಟರ್ ಹತ್ತಿ ರಸ್ತೆ ಬದಿಗೆ ಬರುತ್ತದೆ. ಮಳೆ ಬಿದ್ದರೆ ಅಲ್ಲೇ ಕೊಳೆತು ನಾರುತ್ತದೆ, ನೊಣ ಮುತ್ತುತ್ತವೆ. ಒಣಗಿದರೆ ಯಾರೋ ಬೆಂಕಿ ಹಾಕುತ್ತಾರೆ. ಆ ಬೆಂಕಿ ಉರಿಯುವುದಿಲ್ಲ, ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಆ ದಾರೀಲಿ ದಿನಾ ಬೈಕ್ ಓಡಿಸೋರಿಗೆ ಅದರ ಕಷ್ಟ ಗೊತ್ತು.

ಅಲ್ಲಿಂದ ಒಂದೂವರೆ ಗಂಟೆ ದಾರಿಯ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿವೆ. ಮಧ್ಯ ಕರ್ನಾಟಕದ ಸಂಜೆಗಳಿಗೆ ಮಂಡಕ್ಕಿ ಒದಗಿಸೋದು ಇವೇ. ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು, ಅಕ್ಕಿ ಮಾಡಿಸಬೇಕು, ಉಪ್ಪು ಹಿಡಿಸಿ ಕಾದ ಮರಳಲ್ಲಿ ಹುರಿಯಬೇಕು. ಈ ಕೆಲಸದಲ್ಲಿ ಎರಡು ಹಂತಕ್ಕೆ ಬೆಂಕಿ ಬೇಕು. ಅದಕ್ಕೆ ಹಳೇ ಟೈರು ಸುಡುತ್ತಾರೆ ಅನ್ನೋ ದೂರು ಊರಿನಲ್ಲಿ ಬಹಳ ವರ್ಷಗಳದು. ಸುತ್ತಲಿನ ಮನೆಗಳ ಗೋಡೆ, ಒಣಹಾಕಿದ ಬಟ್ಟೆ, ಮಕ್ಕಳ ಎದೆ, ಎಲ್ಲಕ್ಕೂ ಆ ಮಸಿ ತಾಗಿದೆ.

ಒಂದು ಕಡೆ ಉರಿಸಬಹುದಾದ ವಸ್ತುವನ್ನು ಬೇಡ ಅಂತ ಎಸೆಯುತ್ತಾರೆ. ಇನ್ನೊಂದು ಕಡೆ ಉರಿಸೋಕೆ ಅಗ್ಗದ್ದು ಸಿಗದೆ ಟೈರಿಗೆ ಕೈ ಹಾಕುತ್ತಾರೆ. ಇವೆರಡರ ನಡುವೆ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ 2009ರಲ್ಲಿ ಶುರುವಾದ ದಾವಣಗೆರೆ ವಿಶ್ವವಿದ್ಯಾಲಯ ಇದೆ. ಊರೊಳಗೆ 1951ರಿಂದ ಇರುವ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿದೆ, ಬಾಪೂಜಿ ಎಂಜಿನಿಯರಿಂಗ್ ಕಾಲೇಜಿದೆ. ಓದಿ ಮುಗಿಸಿದ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಲ್ಲಿ ಈಗ ಓದಿದವರಿಗೆ ಕೆಲಸ ಕಡಿಮೆ.

ಪರಿಸರ ಉದ್ಯಮ ಅಂದ ಕೂಡಲೇ ನಮ್ಮ ಕಾಲೇಜುಗಳಲ್ಲಿ ಮೊದಲು ನೆನಪಾಗೋದು ಬಟ್ಟೆ ಚೀಲ, ಪೇಪರ್ ಪೆನ್ನು, ಬೀಜದ ಉಂಡೆ. ಸ್ಪರ್ಧೆ ಆಗುತ್ತದೆ, ಬಹುಮಾನ ಬರುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆರು ತಿಂಗಳ ಮೇಲೆ ಆ ಉದ್ಯಮ ಎಲ್ಲಿದೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಮಕ್ಕಳಲ್ಲಿ ಬುದ್ಧಿ ಕಡಿಮೆ ಅಂತ ಅಲ್ಲ. ಅವರು ವಸ್ತುವಿನಿಂದ ಶುರು ಮಾಡುತ್ತಾರೆ. ಯಾರು ದುಡ್ಡು ಕೊಡುತ್ತಾರೆ ಅನ್ನೋ ಪ್ರಶ್ನೆ ಕೊನೆಗೆ ಬರುತ್ತದೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಕಸಕ್ಕೂ ಕೊರತೆ ಇಲ್ಲ, ಐಡಿಯಾಕ್ಕೂ ಕೊರತೆ ಇಲ್ಲ. ಕೊರತೆ ಇರೋದು ಆ ಕಸವನ್ನು ತಂದು, ಒಣಗಿಸಿ, ಅಳೆದು, ನಂಬಿಕೆಯಾಗುವಂತೆ ದಿನಾ ತಲುಪಿಸುವ ಕೈಗಳಿಗೆ. ನನ್ನ ಪ್ರಕಾರ ವಿದ್ಯಾರ್ಥಿಗಳಿಗೆ ನಿಜವಾದ ಅವಕಾಶ ಇರೋದು ಹೊಸ ವಸ್ತು ಮಾಡೋದಕ್ಕಿಂತ ಜಾಸ್ತಿ ಈ ಸೇವೆಯಲ್ಲಿ.

ಬಿಸಿಯ ಲೆಕ್ಕ

ಮಂಡಕ್ಕಿ ಭಟ್ಟಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಒಂದು ಕಿಲೋ ಟೈರಿನಲ್ಲಿ 30 ಮೆಗಾಜೂಲ್‌ಗಿಂತ ಜಾಸ್ತಿ ಶಾಖ ಇರುತ್ತದೆ. ಭತ್ತದ ಹೊಟ್ಟಿನಲ್ಲಿ ಇರೋದು 13ರಿಂದ 15. ಮೆಕ್ಕೆಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡು ಚೆನ್ನಾಗಿ ಒಣಗಿದ್ದರೆ 16ರ ಆಸುಪಾಸು. ಅಂದರೆ ಒಂದು ಕಿಲೋ ಟೈರಿನ ಜಾಗಕ್ಕೆ ಎರಡು ಕಿಲೋಗಿಂತ ಜಾಸ್ತಿ ಹೊಟ್ಟು ಬೇಕು. ಅದನ್ನು ಇಡೋಕೆ ಜಾಗ ಬೇಕು, ಒಲೆಗೆ ಹಾಕುತ್ತಲೇ ಇರೋಕೆ ಒಬ್ಬ ಆಳು ಬೇಕು. ಬೂದಿ ಬೇರೆ. ನೂರು ಕಿಲೋ ಭತ್ತ ಅಕ್ಕಿ ಮಾಡಿಸಿದರೆ ಸುಮಾರು 20 ಕಿಲೋ ಹೊಟ್ಟು ಬರುತ್ತದೆ. ಆ ಹೊಟ್ಟು ಸುಟ್ಟರೆ ಸುಮಾರು 4 ಕಿಲೋ ಬೂದಿ ಉಳಿಯುತ್ತದೆ.

ಭಟ್ಟಿ ನಡೆಸುವ ಕುಟುಂಬ ಟೈರು ಬಿಡದೇ ಇರೋದಕ್ಕೆ ಈ ಲೆಕ್ಕವೇ ಕಾರಣ. ಅವರಿಗೆ ಪರಿಸರದ ಅರಿವಿಲ್ಲ ಅಂತ ದೂರುವುದು ಸುಲಭ. ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯೋರು ಅವರೇ ಅಲ್ವಾ? ದಂಡ ಹಾಕಿದರೆ ನಾಲ್ಕು ದಿನ ನಿಲ್ಲುತ್ತದೆ, ಆಮೇಲೆ ರಾತ್ರಿ ಹೊತ್ತು ಉರಿಯುತ್ತದೆ. ಒಂದು ಚೀಲ ಮಂಡಕ್ಕಿಗೆ ಬೀಳುವ ಖರ್ಚು ಜಾಸ್ತಿ ಆಗಬಾರದು. ಆ ಮಾತಿಗೆ ಉತ್ತರ ಕೊಡದ ಯಾವ ಪರಿಹಾರವೂ ಅಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಎಂಜಿನಿಯರಿಂಗ್ ಹುಡುಗರು ಏನು ಮಾಡಬಹುದು? ಬ್ರಿಕೆಟ್ ಮಾಡಿ ಮಾರಬಹುದು ಅಂತ ಎಲ್ಲರೂ ಹೇಳುತ್ತಾರೆ. ಒತ್ತಿ ಗಟ್ಟಿ ಮಾಡಿದ ಕೃಷಿ ತ್ಯಾಜ್ಯದ ತುಂಡುಗಳು ಇವು. ಆದರೆ ಬ್ರಿಕೆಟ್ ಯಂತ್ರಕ್ಕೆ ದುಡ್ಡು ಬೇಕು, ಕರೆಂಟ್ ಬಿಲ್ ಬರುತ್ತದೆ. ಹಳೇ ಒಲೆಯಲ್ಲೇ ಬ್ರಿಕೆಟ್ ಹಾಕಿದರೆ ಅರ್ಧ ಶಾಖ ಚಿಮಣಿಯಲ್ಲೇ ಹೋಗುತ್ತದೆ. ನನಗೆ ಸರಿ ಅನ್ನಿಸುವ ದಾರಿ ಬೇರೆ. ಒಲೆಯನ್ನೇ ಬದಲಿಸಬೇಕು. ಗಾಳಿ ಎಷ್ಟು ಬೇಕೋ ಅಷ್ಟೇ ಹೋಗುವಂತೆ, ಬೂದಿ ತಾನಾಗಿ ಕೆಳಗೆ ಬೀಳುವಂತೆ, ಚಿಮಣಿಗೆ ಹೋಗುವ ಬಿಸಿಗಾಳಿಯಿಂದಲೇ ಭತ್ತ ಬೇಯಿಸುವ ನೀರು ಕಾಯುವಂತೆ. ಅದರ ಜತೆ ಇಂಧನ ತಂದು ಹಾಕುವ ಹೊಣೆಯನ್ನೂ ತಂಡವೇ ಹೊತ್ತುಕೊಳ್ಳಬೇಕು. ದುಡ್ಡು ಕಿಲೋ ಹೊಟ್ಟಿನ ಲೆಕ್ಕದಲ್ಲಿ ಬೇಡ, ಹುರಿದ ಮಂಡಕ್ಕಿ ಚೀಲದ ಲೆಕ್ಕದಲ್ಲಿ ತಗೊಳ್ಳಲಿ. ಆಗ ಇಂಧನ ಉಳಿಸಿದರೆ ಲಾಭ ತಂಡಕ್ಕೆ. ಭಟ್ಟಿಯವರಿಗೆ ಹೊಸ ಒಲೆಗೆ ದುಡ್ಡು ಹಾಕುವ ಭಯ ಇಲ್ಲ. ಒಂದು ಭಟ್ಟಿಯಲ್ಲಿ ಇದು ನಡೆದರೆ ಪಕ್ಕದ ಭಟ್ಟಿಯವನು ಬಂದು ನೋಡುತ್ತಾನೆ. ಈ ಊರಲ್ಲಿ ಸುದ್ದಿ ಹರಡೋದು ಹಾಗೇನೇ.

ಬೂದಿಯಲ್ಲೂ ಕಾಸಿದೆ. ಭತ್ತದ ಹೊಟ್ಟಿನ ಬೂದಿಯಲ್ಲಿ 85ರಿಂದ 95% ಸಿಲಿಕಾ. ಹದವಾಗಿ ಸುಟ್ಟ ಬೂದಿಯನ್ನು ಸಿಮೆಂಟಿಗೆ, ಇಟ್ಟಿಗೆಗೆ ಬೆರೆಸಬಹುದು. ಹೆಚ್ಚು ಬಿಸಿಯಲ್ಲಿ ಸುಟ್ಟರೆ ಸಿಲಿಕಾ ಹರಳುಗಟ್ಟಿ ಆ ಗುಣ ಕೆಡುತ್ತದೆ. ಒಲೆ ಹದವಾಗಿದ್ದರೆ ಬೂದಿಗೂ ಬೆಲೆ, ಇಲ್ಲದಿದ್ದರೆ ಅದನ್ನು ಎಲ್ಲಿ ಸುರಿಯೋದು ಅನ್ನೋ ಇನ್ನೊಂದು ತಲೆನೋವು. ಸಿವಿಲ್ ವಿಭಾಗದ ಪ್ರಯೋಗಾಲಯದಲ್ಲಿ ಇದನ್ನು ಅಳೆಯೋದು ಕಷ್ಟವೇನಲ್ಲ.

ಸಿಪ್ಪೆ ಯಾಕೆ ಅಲ್ಲೇ ಕೊಳೆಯುತ್ತದೆ

ಮತ್ತೆ ಅಡಿಕೆ ಸಿಪ್ಪೆಗೆ ಬರೋಣ. ಪುಕ್ಕಟೆ ಸಿಗುತ್ತದೆ, ಆದರೂ ಯಾರೂ ಒಯ್ಯುವುದಿಲ್ಲ. ಕಾರಣ ನೀರು. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆಯದೇ. ಆ ಹಸಿ ಸಿಪ್ಪೆಯಲ್ಲಿ ಬಹುಪಾಲು ನೀರು. ಒಂದು ಟ್ರೇಲರ್ ಹಸಿ ಸಿಪ್ಪೆ ಸಾಗಿಸಿದರೆ ಡೀಸೆಲ್ ಖರ್ಚು ನೀರು ಸಾಗಿಸಿದ್ದಕ್ಕೇ ಹೋಯಿತು. ಬ್ರಿಕೆಟ್ ಮಾಡಬೇಕಾದರೆ ತೇವ 10%ರ ಆಸುಪಾಸಿಗೆ ಇಳಿಯಬೇಕು. ಬಿಸಿಲಿಗೆ ಹರಡೋಣ ಅಂದರೆ ಅದೇ ಹೊತ್ತಿಗೆ ಕಣದಲ್ಲಿ ಅಡಿಕೆಯೇ ಒಣಗುತ್ತಿರುತ್ತದೆ. ಹಿಂಗಾರು ಮಳೆ ಯಾವಾಗ ಬರುತ್ತದೋ ಗೊತ್ತಿಲ್ಲ.

ಇಲ್ಲಿ ಮೊದಲ ಉದ್ಯಮ ಒಣಗಿಸುವುದೇ. ಸುಲಿಯುವ ಅಂಗಳದ ಪಕ್ಕದಲ್ಲೇ ಹಿಂಡಿ ನೀರಿಳಿಸಿ, ಪ್ಲಾಸ್ಟಿಕ್ ಮಾಡಿನ ಕೆಳಗೆ ಹರಡುವ ಸರಳ ವ್ಯವಸ್ಥೆ. ಅಡಿಕೆ ಬೇಯಿಸುವ ಒಲೆಗೆ ಈಗ ಸೌದೆ ಹಾಕುತ್ತಾರೆ. ಒಣಗಿದ ಸಿಪ್ಪೆಯ ಮೊದಲ ಗಿರಾಕಿ ಆ ಒಲೆಯೇ ಆಗಬಹುದು. ಉಳಿದದ್ದು ದಾವಣಗೆರೆಗೆ ಹೋಗಲಿ. ದೂರದ ಮಾರುಕಟ್ಟೆ ಹುಡುಕುವ ಮೊದಲು ಹತ್ತು ಹೆಜ್ಜೆ ದೂರದ ಮಾರುಕಟ್ಟೆ ನೋಡಬೇಕು.

ಗೊಬ್ಬರ ಎರಡನೇ ದಾರಿ. ಸಿಪ್ಪೆಯಲ್ಲಿ ನಾರು, ಸುಲಭಕ್ಕೆ ಕೊಳೆಯದ ಲಿಗ್ನಿನ್ ಜಾಸ್ತಿ, ಸಾರಜನಕ ಕಡಿಮೆ. ಅದಕ್ಕೇ ಸುಮ್ನೆ ರಾಶಿ ಹಾಕಿದರೆ ಕೊಳೆಯೋಕೆ ಬಹಳ ಕಾಲ ತಗೊಳ್ಳುತ್ತದೆ. ಸಗಣಿ ಬಗ್ಗಡ, ಹಸಿರೆಲೆ ಬೆರೆಸಿ, ಸೂಕ್ಷ್ಮಾಣುಗಳ ಮಿಶ್ರಣ ಹಾಕಿ, ತಿರುವುತ್ತಾ ಇದ್ದರೆ ಬೇಗ ಆಗುತ್ತದೆ. ಅಡಿಕೆ ತೋಟದ ತ್ಯಾಜ್ಯದಿಂದ ಎರೆಗೊಬ್ಬರ ಮಾಡುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದೆ. ಅದನ್ನು ನಮ್ಮ ಬಿಸಿಲಿಗೆ, ನಮ್ಮ ನೀರಿಗೆ ಹೊಂದಿಸುವ ಕೆಲಸ ದಾವಣಗೆರೆ ವಿಶ್ವವಿದ್ಯಾಲಯದ ಸೂಕ್ಷ್ಮಜೀವಶಾಸ್ತ್ರದ ವಿದ್ಯಾರ್ಥಿಗಳದು. ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೇ ವಿಷಯ ಹತ್ತಿರದಲ್ಲಿ ಸಿಗೋದು ಕಷ್ಟ. ಮಾರುವಾಗ ಒಂದು ಎಚ್ಚರ ಬೇಕು. ಚೀಲದ ಮೇಲೆ ಸಾವಯವ ಗೊಬ್ಬರ ಅಂತ ಬರೆದು ಮಾರಬೇಕಾದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಗುಣಮಟ್ಟ ಮುಟ್ಟಬೇಕು, ಕೃಷಿ ಇಲಾಖೆಯ ಅನುಮತಿ ಬೇಕು. ತೋಟದವರಿಗೆ ಅವರದೇ ಸಿಪ್ಪೆಯನ್ನು ಅವರ ತೋಟದಲ್ಲೇ ಗೊಬ್ಬರ ಮಾಡಿಕೊಟ್ಟು ಕೂಲಿ ತಗೊಂಡರೆ ಆ ತಾಪತ್ರಯ ಇಲ್ಲ. ಇಲ್ಲೂ ಸೇವೆಯೇ ಸುಲಭ.

ಅಣಬೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಸಿಪ್ಪೆ, ಹುಲ್ಲು, ಬೆಂಡು ಮೂರರ ಮೇಲೂ ಚಿಪ್ಪಣಬೆ ಬೆಳೆಯುತ್ತದೆ. ಆದರೆ ನಮ್ಮ ಮಾರ್ಚ್‌–ಏಪ್ರಿಲ್ ಬಿಸಿಲಿಗೆ ಕೋಣೆ ತಂಪಾಗಿಡೋದು ದುಬಾರಿ, ಕಿತ್ತ ಅಣಬೆ ಎರಡು ದಿನ ಹೊರಗಿಟ್ಟರೆ ಬಾಡುತ್ತದೆ. ಕೊಳ್ಳುವ ಹೋಟೆಲುಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳದೆ ಇದಕ್ಕೆ ಕೈ ಹಾಕಬೇಡಿ ಅಂತಲೇ ಹೇಳುತ್ತೇನೆ.

ಹಾಳೆ ತಟ್ಟೆಯ ಪಾಠ

ಅಡಿಕೆ ಹಾಳೆ ತಟ್ಟೆ ಈ ಭಾಗದ ಪರಿಸರ ಉದ್ಯಮಕ್ಕೆ ಎಲ್ಲರೂ ಕೊಡುತ್ತಿದ್ದ ಉದಾಹರಣೆ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಲ್ಲೇ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂತು. ಹಾಳೆ ತಟ್ಟೆಗೆ ದಾರಿ ತೆರೆಯಿತು. ಚನ್ನಗಿರಿ, ಶಿವಮೊಗ್ಗ ಕಡೆ ಸಾಲ ಮಾಡಿ ಘಟಕ ಹಾಕಿದರು. ಒಳ್ಳೇ ಬೆಲೆ ಸಿಗುತ್ತಿದ್ದದ್ದು ರಫ್ತಿನಲ್ಲಿ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ತಟ್ಟೆಗಳಿಗೆ ತಡೆ ಹಾಕಿತು. ಅಡಿಕೆ ಮರದಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಅನ್ನೋದು ಅದರ ಆತಂಕ.

ಈ ಆತಂಕ ಸರಿಯೋ ತಪ್ಪೋ ಅನ್ನೋ ವಾದ ಒಂದು ಕಡೆ ಇರಲಿ. ನನಗೆ ನೋವಾಗೋದು ಬೇರೆ ವಿಷಯಕ್ಕೆ. ಇಷ್ಟು ವರ್ಷ ತಟ್ಟೆ ಮಾಡಿದ್ದೇವೆ, ಬಿಸಿ ಸಾರು ಬಡಿಸಿದರೆ ಅದರೊಳಗೆ ಏನು ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಅಂತ ನಮ್ಮ ಭಾಗದಲ್ಲೇ ಅಳೆದು ಇಟ್ಟುಕೊಂಡಿದ್ದರೆ ಉತ್ತರ ಕೊಡೋಕೆ ಕೈಯಲ್ಲಿ ದಾಖಲೆ ಇರುತ್ತಿತ್ತು. ಸಾಲ ತೀರಿಸುತ್ತಿರುವ ಆ ಸಣ್ಣ ಘಟಕಗಳಿಗೆ ಅಮೆರಿಕದ ಕಾಗದಕ್ಕೆ ಉತ್ತರ ಬರೆಯುವ ಶಕ್ತಿ ಎಲ್ಲಿಂದ ಬರಬೇಕು? ಜೀವರಸಾಯನಶಾಸ್ತ್ರ ಓದುವವರಿಗೆ ಇದೊಂದು ದೊಡ್ಡ ಅವಕಾಶ. ತಟ್ಟೆ, ಗೊಬ್ಬರ, ನೀರು, ಮಣ್ಣು, ಇವನ್ನು ಪರೀಕ್ಷೆ ಮಾಡಿಕೊಡುವ ಸೇವೆ. ಅಧಿಕೃತ ವರದಿ ಕೊಡಬೇಕಾದರೆ ಪ್ರಯೋಗಾಲಯಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಬೇಕು, ಅದು ಒಂದೆರಡು ವರ್ಷದ ಕೆಲಸ. ಅಲ್ಲಿವರೆಗೆ ಮಾದರಿ ಸಂಗ್ರಹಿಸಿ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿ, ಬಂದ ವರದಿಯನ್ನು ಘಟಕದವರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸವನ್ನು ನಾಳೆಯೇ ಶುರು ಮಾಡಬಹುದು.

ದುರ್ಗದ ಕಡೆ ನೀರು, ಗಾಳಿ, ಉಣ್ಣೆ

1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಭಾಗವೇ ಆಗಿತ್ತು. ಜಿಲ್ಲೆ ಎರಡಾದರೂ ಕಷ್ಟ ಗಡಿ ನೋಡುವುದಿಲ್ಲ. ಜಗಳೂರಿನಿಂದ ಚಳ್ಳಕೆರೆವರೆಗೆ ಮಳೆ ಕಡಿಮೆ, ಕೊಳವೆಬಾವಿ ಆಳ, ನೀರಿನಲ್ಲಿ ಫ್ಲೋರೈಡ್. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ದಾರಿಯೇ ಇಲ್ಲದಾಗ 1.5ರವರೆಗೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಹಳದಿಯಾಗುತ್ತದೆ, ಆಮೇಲೆ ಮೂಳೆ ಹಿಡಿದುಕೊಳ್ಳುತ್ತದೆ. ನಡು ಬಗ್ಗಿದ ಹಿರಿಯರನ್ನು ಈ ಹಳ್ಳಿಗಳಲ್ಲಿ ನೋಡದವರಿಲ್ಲ.

ಅದಕ್ಕೇ ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ 20 ಲೀಟರ್ ನೀರು. ಒಳ್ಳೇ ಯೋಜನೆ. ತೊಂದರೆ ಇರೋದು ಆಮೇಲೆ. ಫಿಲ್ಟರ್ ಕಟ್ಟಿಕೊಳ್ಳುತ್ತದೆ, ನೀರು ಸೋಸುವ ಪೊರೆ ಹಳೇದಾಗುತ್ತದೆ, ಮೋಟರ್ ಸುಡುತ್ತದೆ. ರಿಪೇರಿಗೆ ದೂರದ ಏಜೆನ್ಸಿಯವರು ಬರುವವರೆಗೆ ಜನ ಮತ್ತೆ ಕೊಳವೆಬಾವಿ ನೀರಿಗೆ ಹೋಗುತ್ತಾರೆ. ಹತ್ತಿಪ್ಪತ್ತು ಪಂಚಾಯಿತಿಗಳ ಘಟಕಗಳನ್ನು ವಾರಕ್ಕೊಮ್ಮೆ ನೋಡಿ, ಒಳಬರುವ ನೀರು ಮತ್ತು ಹೊರಬರುವ ನೀರು ಎರಡನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಘಟಕದ ಬಾಗಿಲ ಮೇಲೆ ಬರೆದು ಬರುವ ತಂಡ ಬೇಕು. ಡಿಪ್ಲೊಮಾ, ಬಿ.ಎಸ್ಸಿ., ಎಂಜಿನಿಯರಿಂಗ್ ಓದಿದ ನಾಲ್ಕು ಜನ ಸೇರಿದರೆ ಸಾಕು. ಘಟಕ ಶುದ್ಧ ಮಾಡುವಾಗ ಹೊರಬಿಡುವ ತ್ಯಾಜ್ಯ ನೀರು ಕಡಿಮೆಯೇನಲ್ಲ. ಅದು ಈಗ ಚರಂಡಿಗೆ ಹೋಗುತ್ತದೆ. ಅದರಲ್ಲಿ ಲವಣ, ಫ್ಲೋರೈಡ್ ಎರಡೂ ಇನ್ನೂ ಜಾಸ್ತಿ, ಹಾಗಾಗಿ ಗಿಡಕ್ಕೆ ಕಣ್ಣು ಮುಚ್ಚಿ ಬಿಡುವಂತಿಲ್ಲ. ಬಟ್ಟೆ, ಶೌಚಾಲಯ, ಗಾಡಿ ತೊಳೆಯೋಕೆ ತೊಟ್ಟಿ ಕಟ್ಟಿ ತಿರುಗಿಸಬಹುದು.

ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಲ್ಲಿ ಹಳೆಯವು ಎರಡು ದಶಕ ದಾಟಿವೆ. ಗಾಳಿಯಂತ್ರದ ಆಯಸ್ಸು ಸಾಮಾನ್ಯವಾಗಿ 20–25 ವರ್ಷ. ಹಳೇದನ್ನು ಇಳಿಸಿ ದೊಡ್ಡದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2023ರಲ್ಲಿ ನೀತಿ ತಂದಿದೆ. ಕಬ್ಬಿಣ, ತಾಮ್ರಕ್ಕೆ ಗುಜರಿಯವರು ಓಡಿ ಬರುತ್ತಾರೆ. ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಉದ್ದನೆಯ ರೆಕ್ಕೆಗಳನ್ನು ಯಾರೂ ಕೇಳುವುದಿಲ್ಲ. ಅವನ್ನು ಕತ್ತರಿಸಿ ಬಸ್ ತಂಗುದಾಣದ ಮಾಡಿಗೋ ದನದ ಕೊಟ್ಟಿಗೆಯ ಸೂರಿಗೋ ಬಳಸುವ ವಿನ್ಯಾಸಗಳನ್ನು ದುರ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದವರೂ ಒಟ್ಟಿಗೆ ಕೂತು ಮಾಡಬಹುದು. ಚಳ್ಳಕೆರೆ ಸೀಮೆಯ ಕುರಿ ಉಣ್ಣೆಯದೂ ಇದೇ ಕತೆ. ಕಂಬಳಿಗೆ ಗಿರಾಕಿ ಕಡಿಮೆಯಾಗಿ, ಕತ್ತರಿಸಿದ ಕೂಲಿಯೂ ಹುಟ್ಟದೆ ಉಣ್ಣೆ ಮೂಲೆಗೆ ಬೀಳುತ್ತಿದೆ. ದಾಳಿಂಬೆ ಗಿಡದ ಬುಡಕ್ಕೆ ಹೊದಿಕೆಯಾಗಿ ಉಣ್ಣೆ ಚಾಪೆ ಹಾಕಿದರೆ ತೇವ ನಿಲ್ಲುತ್ತದೆ, ಕೊಳೆತರೆ ಸಾರಜನಕ ಕೊಡುತ್ತದೆ. ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರವಾದ ಬಬ್ಬೂರು ಫಾರಂನಲ್ಲಿ ಇದನ್ನು ಒಂದೆರಡು ಸಾಲಿನಲ್ಲಿ ಹಾಕಿ ನೋಡೋಕೆ ಏನೂ ದೊಡ್ಡ ದುಡ್ಡು ಬೇಡ.

"ಇಷ್ಟು ಓದಿಸಿದ್ದು ಕಸ ಎತ್ತೋಕಾ?"

ಮೆಣಸಿನಕಾಯಿ ಮಂಡಕ್ಕಿ ಊರಲ್ಲಿ ಬಜ್ಜಿ ಬಾಣಲೆಯ ಎಣ್ಣೆ ಎಲ್ಲಿಗೆ ಹೋಗುತ್ತದೆ ಅಂತ ಯಾರಾದರೂ ಕೇಳಬೇಕು. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಬಳಸುವವರು ಲೆಕ್ಕ ಇಡಬೇಕು, ಕರಿದುಳಿದದ್ದನ್ನು ಅಧಿಕೃತ ಸಂಗ್ರಹಗಾರರಿಗೇ ಕೊಡಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ. ಆ ಎಣ್ಣೆ ಬಯೋಡೀಸೆಲ್ ಆಗುತ್ತದೆ. ಬಂಡಿಗಳವರು, ಸಣ್ಣ ಹೋಟೆಲಿನವರು ಈ ಲೆಕ್ಕದಿಂದ ಹೊರಗೇ ಉಳಿಯುತ್ತಾರೆ. ಅವರಿಂದ ಡಬ್ಬಿ ಡಬ್ಬಿ ಸಂಗ್ರಹಿಸಿ, ಅಧಿಕೃತ ಘಟಕಕ್ಕೆ ತಲುಪಿಸುವ ಕೆಲಸಕ್ಕೆ ಒಂದು ಮೂರು ಚಕ್ರದ ಗಾಡಿ, ಒಂದು ಫೋನು ಸಾಕು.

ಇಷ್ಟು ಸುಲಭ ಆಗಿದ್ದರೆ ಯಾಕೆ ಯಾರೂ ಮಾಡುತ್ತಿಲ್ಲ? ನಿಜ ಹೇಳಬೇಕು. ಡಿಗ್ರಿ ಮುಗಿಸಿದ ಮಗ ಎಣ್ಣೆ ಡಬ್ಬಿ ಎತ್ತುತ್ತಾನೆ, ಮಗಳು ಕಸ ವಿಂಗಡಿಸುತ್ತಾಳೆ ಅಂದರೆ ಮನೆಯಲ್ಲಿ ಒಪ್ಪುವುದಿಲ್ಲ. ಇಷ್ಟು ಓದಿಸಿದ್ದು ಇದಕ್ಕಾ ಅಂತ ಕೇಳುತ್ತಾರೆ. ಹೊಲ ಅಡ ಇಟ್ಟು ಓದಿಸಿದವರು ಹಾಗೆ ಕೇಳೋದು ಸಹಜ. ಆದರೆ ಆ ಪ್ರಶ್ನೆಯ ಕೆಳಗೆ ಇನ್ನೊಂದು ಮಾತಿದೆ. ಕಸದ ಕೆಲಸ ಇಂಥ ಜಾತಿಯವರದು ಅಂತ ನಾವು ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದೇವೆ. ಪೌರಕಾರ್ಮಿಕರ ಮಕ್ಕಳು ಓದಿ ಅದರಿಂದ ಹೊರಬರಬೇಕು ಅಂತ ಒದ್ದಾಡುತ್ತಿದ್ದಾರೆ. ಅವರಿಗೆ ಹೋಗಿ ಕಸದಲ್ಲಿ ಅವಕಾಶ ಇದೆ ಅಂತ ಹೇಳುವ ಮೊದಲು ನಾವು ಯೋಚಿಸಬೇಕು. ಉಳಿದ ಮನೆಗಳ ಮಕ್ಕಳು ಈ ಕೆಲಸಕ್ಕೆ ಇಳಿದಾಗ ಮಾತ್ರ ಅದು ಉದ್ಯಮ ಅನ್ನಿಸಿಕೊಳ್ಳುತ್ತದೆ.

ಇಳಿದಾಗ ಇನ್ನೊಂದು ಅಪಾಯ ಇದೆ. ಗುಜರಿ ಅಂಗಡಿಯವರು, ಚಿಂದಿ ಆಯುವ ಹೆಂಗಸರು ಈಗಾಗಲೇ ಊರಿನ ಒಣ ಕಸದ ದೊಡ್ಡ ಪಾಲನ್ನು ಎತ್ತುತ್ತಿದ್ದಾರೆ. ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರು ಪಂಚಾಯಿತಿಯ ಕಸದ ಗಾಡಿ ಸ್ವಚ್ಛ ವಾಹಿನಿ ಓಡಿಸುತ್ತಾರೆ, ಕಸದ ಘಟಕವಾದ ಸ್ವಚ್ಛ ಸಂಕೀರ್ಣದಲ್ಲಿ ವಿಂಗಡಿಸುತ್ತಾರೆ. ಆ್ಯಪ್ ಮಾಡಿಕೊಂಡು ಬಂದ ನಾಲ್ಕು ಹುಡುಗರು ಅವರ ಅನ್ನ ಕಿತ್ತುಕೊಂಡರೆ ಅದನ್ನು ಪರಿಸರ ಉದ್ಯಮ ಅಂತ ಕರೆಯೋಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅವರಿಗೆ ಇಲ್ಲದ್ದನ್ನು ತರಬೇಕು. ಒಂದು ಪಂಚಾಯಿತಿಯಲ್ಲಿ ತಿಂಗಳಿಗೆ ಸಿಗುವ ಪ್ಲಾಸ್ಟಿಕ್ ಲಾರಿ ತುಂಬುವಷ್ಟು ಇರುವುದಿಲ್ಲ, ಅದಕ್ಕೇ ಬೆಲೆ ಸಿಗುವುದಿಲ್ಲ. ಹತ್ತಾರು ಪಂಚಾಯಿತಿಗಳದ್ದನ್ನು ಒಟ್ಟು ಮಾಡಿ, ಒತ್ತಿ ಬೇಲ್ ಕಟ್ಟಿ, ಮರುಬಳಕೆ ಘಟಕದ ಜತೆ ದರ ಮಾತಾಡುವವರು ಬೇಕು. ವಾಣಿಜ್ಯ, ಎಂಬಿಎ ಓದಿದವರಿಗೆ ಇದು ಸರಿಯಾದ ಕೆಲಸ. ಒಕ್ಕೂಟದ ಮಹಿಳೆಯರಿಗೆ ಲಾಭದಲ್ಲಿ ಪಾಲು ಬರೆದುಕೊಟ್ಟು ಮಾಡಬೇಕು.

ಸಾಲ, ಸಬ್ಸಿಡಿ, ಪರೀಕ್ಷೆ

ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ. ಕೇಂದ್ರದ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮದ (ಪಿಎಂಇಜಿಪಿ) 2025–26ರವರೆಗಿನ ನಿಯಮದಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿವರೆಗಿನ ಯೋಜನೆಗೆ ಸಾಲ. ಹಳ್ಳಿಯಲ್ಲಿ ಶುರು ಮಾಡಿದರೆ ಸಾಮಾನ್ಯ ವರ್ಗಕ್ಕೆ 25%, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರಿಗೆ 35% ಸಬ್ಸಿಡಿ. ನಗರದಲ್ಲಿ ಇದು 15 ಮತ್ತು 25. ಬಹಳ ಮಕ್ಕಳಿಗೆ ಗೊತ್ತಿಲ್ಲದ ವಿಷಯ ಅಂದರೆ ಆ ಸಬ್ಸಿಡಿ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಇರುತ್ತದೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಹೊಂದಾಣಿಕೆ ಆಗುತ್ತದೆ. ಸಬ್ಸಿಡಿ ನಂಬಿ ಮೊದಲ ವರ್ಷದ ಖರ್ಚು ಲೆಕ್ಕ ಹಾಕಿದವರು ಸಿಕ್ಕಿಬೀಳುತ್ತಾರೆ. ಹೊಸ ತಂತ್ರಜ್ಞಾನ ಇದ್ದರೆ ನವೋದ್ಯಮಗಳಿಗಾಗಿ ಇರುವ ರಾಜ್ಯದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಅನುದಾನ ಇದೆ, ಪೈಪೋಟಿಯೂ ಅಷ್ಟೇ ಇದೆ. ನಾನು ಹೇಳುತ್ತಿರುವ ಸೇವೆಗಳಲ್ಲಿ ಬಹಳಷ್ಟಕ್ಕೆ ಮೊದಲ ವರ್ಷ ಸಾಲವೇ ಬೇಡ.

ಕಾಲೇಜಿನ ಕ್ಯಾಲೆಂಡರ್ ಇನ್ನೊಂದು ತೊಡಕು. ಅಡಿಕೆ ಸುಗ್ಗಿ, ಮೆಕ್ಕೆಜೋಳದ ಒಕ್ಕಣೆ ನಡೆಯೋ ಹೊತ್ತಿಗೆ ಸೆಮಿಸ್ಟರ್ ಪರೀಕ್ಷೆ ಹತ್ತಿರ ಇರುತ್ತದೆ. ಇಂಟರ್ನ್‌ಶಿಪ್ ಬರೋದು ಬೇಸಿಗೆಯಲ್ಲಿ, ಆಗ ಈ ಸುಗ್ಗಿ ಇರುವುದಿಲ್ಲ. ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಪ್ರಾಜೆಕ್ಟಿನ ತಿಂಗಳುಗಳನ್ನು ಸುಗ್ಗಿಗೆ ಹೊಂದಿಸಬಹುದು. ಅಲ್ಲಿವರೆಗೆ ಊರಿಂದ ದಿನಾ ಓಡಾಡುವ ಮಕ್ಕಳೇ ಶಕ್ತಿ. ಯಾವ ಊರಲ್ಲಿ ಎಷ್ಟು ಸಿಪ್ಪೆ ಬೀಳುತ್ತದೆ, ಯಾವ ಘಟಕ ಕೆಟ್ಟಿದೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಸಲಹೆಗಾರರಿಗೂ ಗೊತ್ತಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. ಸಮೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೇ ಕಾಲ ಯಾವುದು?

ಮೊದಲ ಗಿರಾಕಿ ಯಾರಾಗಬೇಕು ಅಂತ ಕೇಳಿದರೆ, ವಿಶ್ವವಿದ್ಯಾಲಯವೇ ಆಗಬೇಕು. ದಾವಣಗೆರೆ ಹಾಸ್ಟೆಲುಗಳ ಊರು. ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಮಾಡುವ ಸಂಸ್ಥೆಗಳು ಹಸಿ ಕಸವನ್ನು ಆದಷ್ಟು ತಮ್ಮ ಅಂಗಳದಲ್ಲೇ ಸಂಸ್ಕರಿಸಬೇಕು ಅಂತ ಘನತ್ಯಾಜ್ಯ ನಿಯಮದಲ್ಲೇ ಇದೆ. 100 ಕಿಲೋ ಅನ್ನ, ತರಕಾರಿ ಉಳಿಕೆಯಿಂದ ಚೆನ್ನಾಗಿ ನಡೆಯುವ ಗೋಬರ್ ಗ್ಯಾಸ್ ಘಟಕದಲ್ಲಿ ಸುಮಾರು 9 ಘನ ಮೀಟರ್ ಅನಿಲ ಸಿಗುತ್ತದೆ. ಅದು ಸುಮಾರು 4 ಕಿಲೋ ಎಲ್‌ಪಿಜಿಗೆ ಸಮ. ಐದು ದಿನಕ್ಕೆ 19 ಕಿಲೋದ ಒಂದು ವಾಣಿಜ್ಯ ಸಿಲಿಂಡರ್ ಉಳಿಯಿತು. ಘಟಕ ಹಾಕಿಸಿ ಬಿಟ್ಟ ಕಾಲೇಜುಗಳು ಬೇಕಾದಷ್ಟಿವೆ. ದಿನಾ ಕಸ ಬೇರೆ ಮಾಡಿ ಹಾಕಿ, ಆಮ್ಲ ಏರದಂತೆ ನೋಡಿಕೊಂಡು ನಡೆಸುವವರಿಲ್ಲದೆ ಅವು ತುಕ್ಕು ಹಿಡಿದು ನಿಂತಿವೆ. ಆ ನಡೆಸುವ ಕೆಲಸವನ್ನು ವಿದ್ಯಾರ್ಥಿ ತಂಡಕ್ಕೆ ವರ್ಷದ ಗುತ್ತಿಗೆಗೆ ಕೊಡಬೇಕು. ಉಳಿದ ಸಿಲಿಂಡರಿನ ದುಡ್ಡಲ್ಲೇ ಸಂಬಳ ಕೊಡಬಹುದು.

ಇದಕ್ಕೆ ಅಡ್ಡ ಬರೋದು ಟೆಂಡರಿನ ಷರತ್ತು. ಮೂರು ವರ್ಷದ ವಹಿವಾಟು ತೋರಿಸಿ, ಹಿಂದಿನ ಅನುಭವದ ಪತ್ರ ತನ್ನಿ ಅಂತ ಕೇಳಿದರೆ ಇಪ್ಪತ್ತೆರಡು ವರ್ಷದ ಹುಡುಗಿ ಎಲ್ಲಿಂದ ತರಬೇಕು? ವಿಶ್ವವಿದ್ಯಾಲಯದ ಸಿಂಡಿಕೇಟ್, ಮಹಾನಗರ ಪಾಲಿಕೆ, ಜಿಲ್ಲಾ ಪಂಚಾಯಿತಿ ಮೂರೂ ಕೂತು ಸಣ್ಣ ಮೊತ್ತದ ಕೆಲಸಗಳಿಗೆ ಈ ಷರತ್ತು ಸಡಿಲಿಸುವ ದಾರಿ ನೋಡಬೇಕು. ಒಂದು ಹಾಸ್ಟೆಲು, ಒಂದು ವಾರ್ಡು, ಐದು ನೀರಿನ ಘಟಕ, ಇಷ್ಟನ್ನು ಪ್ರಾಯೋಗಿಕವಾಗಿ ಒಂದು ವರ್ಷ ಕೊಟ್ಟು ನೋಡಲಿ. ಬಿಲ್ಲನ್ನು ಮಾತ್ರ ಆಯಾ ತಿಂಗಳೇ ಪಾವತಿಸಬೇಕು, ಯಾಕೆಂದರೆ ಮೂರು ತಿಂಗಳು ಬಿಲ್ಲು ನಿಂತರೆ ಆ ತಂಡದವರು ಬೆಂಗಳೂರಿನ ಬಸ್ಸು ಹತ್ತಿರುತ್ತಾರೆ.